ಪಾಂಡವರ ಮನೆಗಳಲ್ಲಿ ಮಲಗಿದವರು ಯಾರು?

ಚಿಕ್ಕಬಳ್ಳಾಪುರದ ನೆರೆಯ ಸ್ಕಂದಗಿರಿಯ ಹೆಸರನ್ನು ಕೇಳದ ಬೆಂಗಳೂರಿಗರು ಈಗ ವಿರಳ. ಊರವರ ಬಾಯಲ್ಲಿ ಅದು ಕಳವಾರದ ಬೆಟ್ಟ. ಕೋಳಿ ಕೂಗುವ ಹೊತ್ತಿಗೇ ತರುಣ ತರುಣಿಯರು ಕೈದೀಪ ಹಿಡಿದು ಸಾಲುಗಟ್ಟಿ ಮೇಲೇರುತ್ತಾರೆ. ಸಮುದ್ರಮಟ್ಟದಿಂದ ಸುಮಾರು ೧,೪೫೦ ಮೀಟರು ಎತ್ತರದ ಆ ನೆತ್ತಿಯ ಮೇಲೆ ನಿಂತು, ಕಾಲಡಿಯಲ್ಲಿ ಹಾಲುಗಡಲಿನಂತೆ ಹಬ್ಬಿದ ಮೋಡಗಳ ನಡುವೆ ಸೂರ್ಯನು ಮೂಡುವುದನ್ನು ಕಂಡು ಇಳಿದುಬರುವುದು ಅವರ ಉದ್ದೇಶ. ಮೋಡ ಕರಗಿದ ಮೇಲೆ ಅಲ್ಲಿ ಏನು ಕಾಣುತ್ತದೆಂದು ನೋಡಲು ನಿಲ್ಲುವವರು ಕಡಮೆ.

ಕಾಣುವುದು ಕಲ್ಲು. ಒಂದು ಮಗ್ಗುಲಿಗೆ ನಂದಿಬೆಟ್ಟ; ಸುತ್ತಲೂ ಗೌರಿಬಿದನೂರು, ಶಿಡ್ಲಘಟ್ಟ, ಚಿಂತಾಮಣಿಗಳ ಕಡೆಗೆ ಹರಡಿದ ಬೋಳುಗುಡ್ಡಗಳು. ನೆಲದ ಮೇಲಿನ ಅತಿ ಹಳೆಯ ಬಂಡೆಗಳಲ್ಲಿ ನಮ್ಮ ನಾಡಿನ ಬಂಡೆಗಳೂ ಸೇರಿವೆ. ಈ ಗ್ರಾನೈಟಿನ ವಯಸ್ಸನ್ನು ಭೂವಿಜ್ಞಾನಿಗಳು ಇನ್ನೂರು ಕೋಟಿ ವರ್ಷಗಳಿಗೂ ಮೇಲೆಂದು ಎಣಿಸುತ್ತಾರೆ. ಹಗಲಿನ ಕಾವಿಗೂ ಇರುಳಿನ ತಂಪಿಗೂ ಸಿಕ್ಕಿ ಈ ಬಂಡೆಗಳ ಮೈ ಈರುಳ್ಳಿಯ ಸಿಪ್ಪೆಯಂತೆ ಪದರ ಪದರವಾಗಿ ಬಿಡಿಸಿಕೊಳ್ಳುತ್ತದೆ. ಬಂಡೆಯ ಮೇಲೆ ಬೆಂಕಿ ಹಾಕಿ, ಕಾದ ಮೇಲೆ ಸಂದು ನೋಡಿ ಪೆಟ್ಟು ಕೊಟ್ಟರೆ ಚಪ್ಪಡಿ ಹಪ್ಪಳದಂತೆ ಎದ್ದುಬರುತ್ತದೆ. ಈ ಸೀಮೆಯ ಹಳೆಯ ಮನೆಗಳ ಮಾಡಿಗೂ ಹೊಲದ ಬೇಲಿಗೂ ಕೊಟ್ಟಿಗೆಯ ಗೋಡೆಗೂ ಚಪ್ಪಡಿಯೇ ಆಧಾರವಾಗಿರುವುದನ್ನು ಪ್ರಯಾಣಿಕರು ಬಸ್ಸಿನ ಕಿಟಕಿಯಿಂದಲೇ ನೋಡಬಹುದು.

ಆದರೆ ಈ ನಾಡಿನಲ್ಲಿ ಚಪ್ಪಡಿಯಿಂದ ಮೊಟ್ಟಮೊದಲು ಮನೆ ಕಟ್ಟಿದವರು ಅದನ್ನು ತಮಗಾಗಿ ಕಟ್ಟಿಕೊಳ್ಳಲಿಲ್ಲ. ತಾವು ಮಣ್ಣು, ಬಿದಿರು, ಹುಲ್ಲುಗಳ ಗುಡಿಸಲಲ್ಲಿ ಬಾಳಿ, ಸತ್ತವರಿಗಾಗಿ ಕಲ್ಲಿನ ಮನೆಗಳನ್ನು ಎತ್ತಿದರು. ಅವರ ಗುಡಿಸಲುಗಳು ಹೇಳಹೆಸರಿಲ್ಲದೆ ಹೋದವು. ಸತ್ತವರ ಮನೆಗಳು ಮಾತ್ರ ಎರಡು ಮೂರು ಸಾವಿರ ವರ್ಷಗಳಿಂದ ನಿಂತಿವೆ. ಹೊಸಕೋಟೆಯ ಬಯಲಿನಲ್ಲಿ, ಕೋಲಾರದ ಹಳ್ಳಿಗಳಲ್ಲಿ, ಮಾಗಡಿಯ ಸಾವನದುರ್ಗದ ಅಡಿಯಲ್ಲಿ, ಮೊಳಕಾಲ್ಮೂರಿನಲ್ಲಿ, ತುಂಗಭದ್ರೆಯ ದಂಡೆಯ ಗುಡ್ಡಗಳಲ್ಲಿ ಅವು ನೂರುಗಟ್ಟಲೆಯಾಗಿ ಇವೆ. ಅವುಗಳನ್ನು ಇಷ್ಟು ಕಾಲ ಕಾಯ್ದವರು ಯಾರು, ಇನ್ನು ಮುಂದೆ ಕಾಯುವವರು ಯಾರು ಎಂಬುದೇ ಈ ಲೇಖನದ ವಿಷಯ.

ಭೀಮನೂ ಫಿಂಗಲನೂ

ಚಿಂತಾಮಣಿಯ ಬಳಿಯ ಕೈವಾರಕ್ಕೆ ಹೋದವರಿಗೆ ಅದೇ ಮಹಾಭಾರತದ ಏಕಚಕ್ರಪುರವೆಂದು ಅಲ್ಲಿಯವರು ಹೇಳುವರು. ಬಂಡಿ ಅನ್ನವನ್ನು ತಾನೇ ಉಂಡು, ಬಳಿಕ ಬಕಾಸುರನನ್ನೂ ಮುಗಿಸಿದ ಭೀಮಸೇನನ ಕಥೆ ಅಲ್ಲಿಯ ಬೆಟ್ಟಕ್ಕೆ ಅಂಟಿಕೊಂಡಿದೆ. ಊರಿನಲ್ಲಿ ಭೀಮೇಶ್ವರನ ಗುಡಿಯೂ ಉಂಟು. ಮನುಷ್ಯನ ಕೈಗೆ ಮೀರಿದ್ದೆಂದು ತೋರುವ ಯಾವ ಕಲ್ಲನ್ನು ಕಂಡರೂ ಭೀಮನನ್ನು ನೆನೆಯುವುದು ನಮ್ಮ ಜನದ ವಾಡಿಕೆ. ಪುರಾತನ ಕಲ್ಲುಮನೆಗಳ ವಿಷಯದಲ್ಲಿಯೂ ಹೀಗೆಯೇ ಆಯಿತು. ಹಲವು ಕಡೆ ಅವುಗಳಿಗೆ ಪಾಂಡವರ ಮನೆ, ಪಾಂಡವರ ಗುಡಿ ಎಂಬ ಹೆಸರು. ವನವಾಸ ಕಾಲದಲ್ಲಿ ಐವರು ಅಣ್ಣತಮ್ಮಂದಿರು ತಂಗಲೆಂದು ಕಟ್ಟಿದವಂತೆ. ಮತ್ತೆ ಕೆಲವು ಕಡೆ ಅವು ಮೊರಿಯರ ಮನೆಗಳು. ಮೊರಿಯರೆಂದರೆ ಮೊಣಕಾಲುದ್ದದ ಕುಳ್ಳರು, ಆದರೆ ಮಹಾಬಲಶಾಲಿಗಳು. ಇಲ್ಲದಿದ್ದರೆ ಮೂರು ನಾಲ್ಕು ಅಡಿ ಎತ್ತರದ ಮನೆಯಲ್ಲಿ ವಾಸಿಸುವುದೆಂತು, ಅಷ್ಟು ದೊಡ್ಡ ಚಪ್ಪಡಿಯನ್ನು ಮಾಡಿಗೆ ಏರಿಸುವುದೆಂತು?

ಇಂಥ ತರ್ಕ ನಮ್ಮಲ್ಲಿ ಮಾತ್ರವೆಂದು ತಿಳಿಯಬೇಕಾಗಿಲ್ಲ. ಸ್ಕಾಟ್ಲೆಂಡಿನ ಪಶ್ಚಿಮ ಕರಾವಳಿಯಲ್ಲಿ ಆರನ್ ಎಂಬ ದ್ವೀಪವಿದೆ. ಅಲ್ಲಿಯೂ ಬೆಟ್ಟ, ಬಂಡೆ, ಮಂಜು. ದ್ವೀಪದ ಪಶ್ಚಿಮದಲ್ಲಿರುವ ಮಾಕ್ರಿ ಬಯಲಿನಲ್ಲಿ ಆರು ಶಿಲಾವೃತ್ತಗಳು ಒಂದರ ಬಳಿ ಒಂದು ನಿಂತಿವೆ. ಅವುಗಳಲ್ಲಿ ಒಂದರ ಕೆಂಪು ಮರಳುಗಲ್ಲಿನ ಕಂಬ ಐದು ಮೀಟರಿಗೂ ಎತ್ತರ. ಇನ್ನೊಂದು ಎರಡು ಸುತ್ತಿನ ವೃತ್ತ. ಫಿಂಗಲನೆಂಬ ದೈತ್ಯವೀರ ತನ್ನ ಹಂಡೆಯನ್ನು ಒಲೆಗೇರಿಸಿದ ಜಾಗ ಅದೆಂದು ಅಲ್ಲಿಯ ಜನ ಹೇಳುತ್ತಿದ್ದರು. ಅದರ ಒಂದು ಕಲ್ಲಿನಲ್ಲಿರುವ ತೂತು ಅವನ ನಾಯಿಯನ್ನು ಕಟ್ಟಲು ಮಾಡಿದ್ದಂತೆ! ದ್ವೀಪದ ಮತ್ತೊಂದು ಮಗ್ಗುಲಲ್ಲಿರುವ ಹಳೆಯ ಕಲ್ಲುಸಮಾಧಿಗಳಿಗೆ ದೈತ್ಯರ ಗೋರಿಗಳೆಂದೇ ಹೆಸರು. ಬಂಡಿ ಅನ್ನದ ಭೀಮನೂ ಹಂಡೆಯ ಫಿಂಗಲನೂ ಎದುರಾಗಿದ್ದರೆ ಒಬ್ಬರನ್ನೊಬ್ಬರು ಕಂಡು ಸಂತೋಷಪಡುತ್ತಿದ್ದರೆಂಬುದರಲ್ಲಿ ಸಂದೇಹವಿಲ್ಲ.

ಆರನ್ ದ್ವೀಪದ ಸಮಾಧಿಗಳು ಐದು ಸಾವಿರ ವರ್ಷಗಳಿಗೂ ಹಿಂದಿನವು. ಕಟ್ಟಿದವರು ಲೋಹವನ್ನರಿಯದ, ಕಲ್ಲಿನ ಕೊಡಲಿ ಹಿಡಿದ ಬೇಸಾಯಗಾರರು. ನಮ್ಮ ಕಲ್ಲುಮನೆಗಳು ಬಹುಮಟ್ಟಿಗೆ ಕಬ್ಬಿಣದ ಕಾಲದವು. ಅವುಗಳಿಗಿಂತ ಎರಡು ಸಾವಿರ ವರ್ಷ ಚಿಕ್ಕವು. ಇವರು ಅವರಿಂದ ಕಲಿತರೆನ್ನಲು ಯಾವ ಆಧಾರವೂ ಇಲ್ಲ. ಅಗಲಿದವರಿಗೆ ಅಳಿಯದ ನೆಲೆಯೊಂದನ್ನು ಕೊಡಬೇಕೆಂಬ ಹಂಬಲ ಎರಡು ಕಡೆಯೂ ತಾನಾಗಿ ಹುಟ್ಟಿತೆಂದೇ ತಿಳಿಯಬೇಕು.

ಟೇಲರ್ ಸಾಹೇಬರ ಕುತೂಹಲ

ಈ ಎರಡು ನಾಡುಗಳ ಹೋಲಿಕೆಯನ್ನು ಬಹು ಮೊದಲೇ ಕಂಡವರು ಫಿಲಿಪ್ ಮೆಡೋಸ್ ಟೇಲರ್. ನಿಜಾಮರ ಸೇವೆಯಲ್ಲಿದ್ದು, ಮುಂದೆ ಸುರಪುರದ ಆಡಳಿತವನ್ನು ನಡೆಸಿ, ಠಕ್ಕರ ಮೇಲೆ ಕಾದಂಬರಿಯನ್ನೂ ಬರೆದು ಪ್ರಸಿದ್ಧರಾದ ಈ ಅಧಿಕಾರಿ ೧೮೩೫ರಲ್ಲಿಯೇ ಗಂಗಾವತಿಯ ಸಮೀಪದ ಹಿರೇಬೆಣಕಲ್ಲಿನ ಕಲ್ಲುಮನೆಗಳನ್ನು ಕಂಡು ಬರೆದಿಟ್ಟರು. ಆಮೇಲೆ ಸುರಪುರ ಸೀಮೆಯಲ್ಲಿ, ಜೇವರ್ಗಿಯ ಬಳಿಯಲ್ಲಿ ಕೆಲವು ಗೋರಿಗಳನ್ನು ಅಗೆಸಿ, ಒಳಗಿದ್ದ ಅಸ್ಥಿಗಳನ್ನೂ ಮಡಕೆಗಳನ್ನೂ ಚಿತ್ರಸಹಿತವಾಗಿ ದಾಖಲಿಸಿದರು. ಬ್ರಿಟನ್, ಐರ್ಲೆಂಡುಗಳ ಪುರಾತನ ಸಮಾಧಿಗಳಿಗೂ ಇವುಗಳಿಗೂ ಇರುವ ಸಾದೃಶ್ಯ ಅವರನ್ನು ಬೆರಗುಗೊಳಿಸಿತು. ೧೮೬೦ರ ದಶಕದಲ್ಲಿ ಐರ್ಲೆಂಡಿನ ರಾಯಲ್ ಅಕಾಡೆಮಿಯ ಪತ್ರಿಕೆಯಲ್ಲಿ ಈ ವಿಷಯವನ್ನು ಪ್ರಕಟಿಸಿದರು. ಅದೇ ಕಾಲದಲ್ಲಿ, ೧೮೬೧ರಲ್ಲಿ, ಆರನ್ ದ್ವೀಪದ ಮಾಕ್ರಿ ವೃತ್ತಗಳನ್ನು ಜೇಮ್ಸ್ ಬ್ರೈಸ್ ಎಂಬುವರು ಅಗೆದು ನೋಡುತ್ತಿದ್ದರು. ದೈತ್ಯರನ್ನು ನಿರೀಕ್ಷಿಸುವವರಿಗೆ ಅಲ್ಲಿ ಸಿಕ್ಕಿದ್ದು ಸಾಮಾನ್ಯ ಮನುಷ್ಯರ ಅಸ್ಥಿ, ಮಣ್ಣಿನ ಪಾತ್ರೆ.

ನಮ್ಮ ಸೀಮೆಯ ಕಡೆಗೂ ಕಣ್ಣು ಹರಿಯಿತು. ಸಾವನದುರ್ಗದ ತಪ್ಪಲಿನ ಗೋರಿಗಳ ಬಗ್ಗೆ ಬ್ರ್ಯಾನ್‌ಫಿಲ್ ಎಂಬುವರು ೧೮೮೧ರಲ್ಲಿ ಬರೆದರು. ಕೋಲಾರ ಜಿಲ್ಲೆಯ ಹುನ್ಕುಂದದಲ್ಲಿ ತಲೆ ದುಂಡಗಿರುವ ಚಪ್ಪಡಿಗಳನ್ನು ಸುತ್ತ ನಿಲ್ಲಿಸಿದ ಒಂದು ವಿಶಿಷ್ಟ ಬಗೆಯ ಸಮಾಧಿಗಳಿವೆ. ಹೊಸಕೋಟೆ ತಾಲ್ಲೂಕಿನ ಜಡಿಗೇನಹಳ್ಳಿಯ ಗೋರಿಗಳನ್ನು ೧೯೫೭ರಲ್ಲಿ ಡಾಕ್ಟರ್ ಎಂ. ಶೇಷಾದ್ರಿಯವರು ಅಗೆದು ಪರೀಕ್ಷಿಸಿದರು. ಇವೆಲ್ಲ ಸ್ಕಂದಗಿರಿಯಿಂದ ಅರ್ಧ ದಿನದ ಪ್ರಯಾಣದೊಳಗಿನ ಸ್ಥಳಗಳು. ದೂರದ ದ್ವೀಪಕ್ಕೆ ಹಡಗೇರಿ ಹೋಗಲಾರದವರು ಸಂಕಟಪಡಬೇಕಾಗಿಲ್ಲ.

ಒಂದು ಗೋರಿಯ ಒಳಗೆ

ಹೊರಗೆ ಕಲ್ಲು, ಒಳಗೆ ಏನಿದೆ? ಈ ಪ್ರಶ್ನೆಗೆ ಕ್ರಮವಾದ ಉತ್ತರ ದೊರೆತದ್ದು ಬ್ರಹ್ಮಗಿರಿಯಲ್ಲಿ. ಇದು ನಂದಿಯ ನೆರೆಯ ಬ್ರಹ್ಮಗಿರಿಯಲ್ಲ. ಗೌರಿಬಿದನೂರಿನಿಂದ ವಾಯವ್ಯಕ್ಕೆ ಬಹುದೂರ ಸಾಗಿದರೆ ಸಿಗುವ ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬೆಟ್ಟ. ಅಶೋಕ ಚಕ್ರವರ್ತಿಯ ಶಾಸನವನ್ನು ಬಿ. ಎಲ್. ರೈಸ್ ಅವರು ೧೮೯೨ರಲ್ಲಿ ಕಂಡುಹಿಡಿದದ್ದು ಇಲ್ಲಿಯೇ. ಮೈಸೂರು ಪುರಾತತ್ತ್ವ ಇಲಾಖೆಯ ಡಾಕ್ಟರ್ ಎಂ. ಎಚ್. ಕೃಷ್ಣ ಅವರು ಮೊದಲು ಇಲ್ಲಿ ಅಗೆಸಿದ್ದರು. ೧೯೪೭ರಲ್ಲಿ, ದೇಶ ಸ್ವತಂತ್ರವಾದ ವರ್ಷದಲ್ಲಿಯೇ, ಭಾರತ ಪುರಾತತ್ತ್ವ ಇಲಾಖೆಯ ಮುಖ್ಯಸ್ಥರಾಗಿದ್ದ ಮಾರ್ಟಿಮರ್ ವೀಲರ್ ಅವರು ಇಲ್ಲಿ ಪದರ ಪದರವಾಗಿ ನೆಲವನ್ನು ಬಿಡಿಸಿ ನೋಡಿದರು.

ಗೋರಿಯ ರಚನೆ ಹೀಗಿದೆ. ನೆಲದಲ್ಲಿ ಗುಂಡಿ ತೋಡಿ, ನಾಲ್ಕು ದೊಡ್ಡ ಚಪ್ಪಡಿಗಳನ್ನು ಪೆಟ್ಟಿಗೆಯಂತೆ ನಿಲ್ಲಿಸುತ್ತಾರೆ. ಪ್ರತಿಯೊಂದು ಚಪ್ಪಡಿಯ ತುದಿಯೂ ಪಕ್ಕದ ಚಪ್ಪಡಿಯನ್ನು ದಾಟಿ ಮುಂದಕ್ಕೆ ಚಾಚಿಕೊಂಡಿರುತ್ತದೆ. ಮೇಲಿನಿಂದ ನೋಡಿದರೆ ಸ್ವಸ್ತಿಕದ ಆಕಾರ. ಇದು ಅಲಂಕಾರಕ್ಕಾಗಿ ಮಾಡಿದ್ದಲ್ಲ. ಹೊರಗಿನ ಮಣ್ಣು ಒತ್ತಿದಷ್ಟೂ ಚಪ್ಪಡಿಗಳು ಒಂದನ್ನೊಂದು ಬಿಗಿಹಿಡಿಯುತ್ತವೆಯೇ ಹೊರತು ಒಳಕ್ಕೆ ಕುಸಿಯುವುದಿಲ್ಲ. ಗಾರೆಯಿಲ್ಲ, ಮೊಳೆಯಿಲ್ಲ, ಇಷ್ಟು ಶತಮಾನಗಳಾದರೂ ಗೋಡೆ ಅಲುಗಿಲ್ಲ. ಪೂರ್ವದ ಚಪ್ಪಡಿಯಲ್ಲಿ ದುಂಡನೆಯ ಕಂಡಿಯೊಂದನ್ನು ಕೊರೆದಿರುತ್ತಾರೆ. ಮೇಲೆ ಮುಚ್ಚುಗಲ್ಲು, ಸುತ್ತ ಗುಂಡುಗಳ ಆವರಣ.

ಒಳಗೆ ಸಿಗುವುದು ಇಡಿಯ ದೇಹವಲ್ಲ, ಆರಿಸಿ ತಂದಿಟ್ಟ ಮೂಳೆಗಳು; ಅವೂ ಒಬ್ಬರವಲ್ಲ, ಹಲವರವು. ಅಂದರೆ ದೇಹವನ್ನು ಮೊದಲು ಬೇರೊಂದು ಕಡೆ ಬಿಟ್ಟು, ಕಾಲಾನಂತರ ಅಸ್ಥಿಗಳನ್ನು ಆಯ್ದು, ಮನೆತನದ ಗೋರಿಗೆ ಸೇರಿಸುತ್ತಿದ್ದರೆಂದು ತೋರುತ್ತದೆ. ಕಲ್ಲುಪೆಟ್ಟಿಗೆಯಿಲ್ಲದ ಬರಿಯ ಗುಂಡಿಗಳೂ ಬ್ರಹ್ಮಗಿರಿಯಲ್ಲಿವೆ. ದೇಹವನ್ನು ಮೊದಲು ಇರಿಸುತ್ತಿದ್ದ ಸ್ಥಳಗಳು ಅವೇ ಇರಬಹುದೆಂದು ವೀಲರ್ ಊಹಿಸಿದರು. ಪೂರ್ವದ ಕಂಡಿಯ ಉಪಯೋಗವೂ ಇದರಿಂದ ಅರ್ಥವಾಗುತ್ತದೆ. ಮನೆಯಲ್ಲಿ ಮತ್ತೊಬ್ಬರು ತೀರಿಕೊಂಡಾಗ ಮಾಡಿನ ಕಲ್ಲನ್ನು ಎತ್ತಬೇಕಾಗಿಲ್ಲ. ಕಂಡಿಯ ಮೂಲಕ ಅಸ್ಥಿಯನ್ನು ಒಳಗಿಡಬಹುದು. ಅಪ್ಪನ ಬಳಿ ಮಗ, ಅತ್ತೆಯ ಬಳಿ ಸೊಸೆ ಹೀಗೆ ಮನೆಯವರು ಒಬ್ಬೊಬ್ಬರಾಗಿ ಅಲ್ಲಿ ಬಂದು ಕೂಡಿಕೊಂಡಿರಬೇಕು.

ಅಸ್ಥಿಗಳ ಜೊತೆಗೆ ಕಬ್ಬಿಣದ ಕತ್ತಿ, ಕುಡುಗೋಲು, ಭರ್ಜಿಯ ಅಲಗು, ಮಣಿಗಳು. ಎಲ್ಲಕ್ಕಿಂತ ಹೆಚ್ಚಾಗಿ ಮಡಕೆ ಕುಡಿಕೆಗಳು. ಈ ಮಡಕೆಗಳ ಒಳಮೈಯೂ ಕಂಠವೂ ಕಪ್ಪು, ಹೊರಮೈ ಕೆಂಪು. ಒಂದೇ ಪಾತ್ರೆಗೆ ಎರಡು ಬಣ್ಣ ಹೇಗೆ ಬಂದೀತೆಂದು ಮನೆಯ ಹೆಂಗಸರು ಕೇಳಬಹುದು. ಆವಗೆಯಲ್ಲಿ ಮಡಕೆಯನ್ನು ಬೋರಲಾಗಿಟ್ಟು ಸುಟ್ಟರೆ, ಗಾಳಿ ತಾಗಿದ ಹೊರಮೈ ಕೆಂಪಾಗುತ್ತದೆ. ಗಾಳಿ ಸುಳಿಯದೆ ಹೊಗೆಯಲ್ಲಿ ಬೆಂದ ಬಾಯಿಯ ಭಾಗ ಕಪ್ಪಾಗುತ್ತದೆ. ತಿಕ್ಕಿ ಮೆರುಗು ಕೊಟ್ಟ ಈ ಪಾತ್ರೆಗಳು ಇಂದಿಗೂ ಕನ್ನಡಿಯಂತೆ ಹೊಳೆಯುತ್ತವೆ.

ಈ ಗೋರಿಗಳು ಕ್ರಿಸ್ತಪೂರ್ವ ೨೦೦ರ ಸುಮಾರಿನಿಂದ ಈಚಿನವೆಂದು ವೀಲರ್ ಎಣಿಸಿದ್ದರು. ೧೯೬೫ರಲ್ಲಿ ಡಾಕ್ಟರ್ ಎಂ. ಎಸ್. ನಾಗರಾಜರಾವ್ ಅವರು ತುಂಗಭದ್ರೆಯ ತಡಿಯ ಹಳ್ಳೂರಿನಲ್ಲಿ ಅಗೆದಾಗ ದೊರೆತ ಇದ್ದಿಲಿನ ಪರೀಕ್ಷೆಯಿಂದ, ಕಬ್ಬಿಣದ ಬಳಕೆ ನಮ್ಮಲ್ಲಿ ಕ್ರಿಸ್ತಪೂರ್ವ ೧೦೦೦ದಷ್ಟು ಹಿಂದಕ್ಕೆ ಹೋಗುವುದೆಂದು ತಿಳಿಯಿತು. ಮೊರಿಯರೆಂದರೆ ಮೌರ್ಯರೇ ಇರಬೇಕೆಂದು ಊಹಿಸಿದವರು ಉಂಟು. ಆದರೆ ಈ ಕಲ್ಲುಮನೆಗಳ ಪದ್ಧತಿ ಚಂದ್ರಗುಪ್ತನು ಹುಟ್ಟುವುದಕ್ಕೆ ಎಷ್ಟೋ ತಲೆಮಾರು ಹಿಂದೆಯೇ ಆರಂಭವಾಗಿತ್ತು.

ಸತ್ತವರ ಊರು

ಈ ಎಲ್ಲ ಸ್ಥಳಗಳ ಮುಕುಟಮಣಿಯೆಂದರೆ ಟೇಲರ್ ಸಾಹೇಬರು ಮೊದಲು ಕಂಡ ಹಿರೇಬೆಣಕಲ್. ಇಂದಿನ ಕೊಪ್ಪಳ ಜಿಲ್ಲೆಗೆ ಸೇರಿದ ಈ ಹಳ್ಳಿಯಿಂದ ಕಲ್ಲುಮುಳ್ಳಿನ ದಾರಿಯಲ್ಲಿ ಮೊರಿಯರ ಗುಡ್ಡವನ್ನು ಹತ್ತಿದರೆ, ಬಂಡೆಯ ಬಯಲಿನ ಮೇಲೆ ಕಲ್ಲುಮನೆಗಳ ಒಂದು ಊರೇ ಎದುರಾಗುತ್ತದೆ. ಎಲ್ಲ ಬಗೆಯವೂ ಸೇರಿ ಸುಮಾರು ೪೦೦ ರಚನೆಗಳು. ಕೆಲವು ನೆಲದಲ್ಲಿ ಅರ್ಧ ಹೂತವು. ಕೆಲವು ಆಳೆತ್ತರಕ್ಕೂ ಮೇಲೆ ನಿಂತವು. ಗೋಡೆಗೆ ದುಂಡು ಕಿಟಕಿ, ಮೇಲೆ ಒಂದೇ ಚಪ್ಪಡಿಯ ಮಾಡು. ನಡುವೆ ಒಂದು ಹೊಂಡ. ಚಪ್ಪಡಿಗಳನ್ನು ಎಬ್ಬಿಸಿದ್ದು ಅಲ್ಲಿಂದಲೇ ಎಂದು ಹೇಳುತ್ತಾರೆ. ಸಾಲು ಸಾಲಾಗಿ ನಿಂತ ಆ ಮನೆಗಳ ನಡುವೆ ಸಂಜೆಯ ಹೊತ್ತು ನಡೆಯುವಾಗ, ಯಾವುದಾದರೊಂದು ಕಿಟಕಿಯಿಂದ ಯಾರಾದರೂ ಇಣುಕಿಯಾರೇ ಎಂದು ಎಂಥವರಿಗೂ ಒಮ್ಮೆ ಅನ್ನಿಸದಿರದು.

ಅಲ್ಲಿಯೇ ಒಂದು ಎತ್ತರದ ಬಂಡೆಯ ಮೇಲೆ ನಗಾರಿಯ ಆಕಾರದ ಗುಂಡೊಂದಿದೆ. ಬಡಿದರೆ ಅದು ನಗಾರಿಯಂತೆಯೇ ಮೊಳಗುತ್ತದೆ. ಸಾವಿನ ಸುದ್ದಿಯನ್ನು ಸಾರುವುದಕ್ಕೋ, ಜನರನ್ನು ಕೂಡಿಸುವುದಕ್ಕೋ ಅದನ್ನು ಬಾರಿಸುತ್ತಿದ್ದಿರಬಹುದು. ಸುತ್ತಲಿನ ಕಲ್ಲಾಸರೆಗಳ ಗೋಡೆಗಳಲ್ಲಿ ಕಾವಿಯ ಬಣ್ಣದ ಚಿತ್ರಗಳು: ಗೂಳಿ, ಜಿಂಕೆ, ನವಿಲು, ಕುದುರೆ, ಬೇಟೆಗಾರರು, ಕೈ ಕೈ ಹಿಡಿದು ಕುಣಿಯುವ ಜನ. ಸಮಾಧಿಯ ಮಗ್ಗುಲಲ್ಲಿಯೇ ಕುಣಿತ! ಸಾವಿನ ಮನೆಗೂ ಹಬ್ಬದ ಮನೆಗೂ ನಡುವೆ ನಾವು ಎಳೆಯುವ ಗೆರೆ ಅವರಿಗೆ ಇದ್ದಂತಿಲ್ಲ. ೨೦೨೧ರಲ್ಲಿ ಹಿರೇಬೆಣಕಲ್ ವಿಶ್ವಪರಂಪರೆಯ ತಾಣಗಳ ಸಂಭಾವ್ಯ ಪಟ್ಟಿಗೆ ಸೇರಿತು.

ನಿಂತ ಕಲ್ಲುಗಳ ಲೆಕ್ಕಾಚಾರ

ಎಲ್ಲ ಕಲ್ಲೂ ಸಮಾಧಿಯಲ್ಲ. ಯಾದಗಿರಿ ಜಿಲ್ಲೆಯ ವಿಭೂತಿಹಳ್ಳಿಯಲ್ಲಿ ಗುಂಡುಗಳನ್ನು ಚದುರಂಗದ ಮಣೆಯಂತೆ ಗೆರೆ ಗೆರೆಯಾಗಿ ಇಟ್ಟಿದ್ದಾರೆ. ಅವುಗಳ ಅಡಿಯಲ್ಲಿ ಗೋರಿಯಿಲ್ಲ. ಮಲೆನಾಡಿಗೆ ಹೋದರೆ ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲ್ಲೂಕಿನಲ್ಲಿ ನಿಲಸ್ಕಲ್ ಎಂಬ ಊರೇ ಉಂಟು. ನಿಲಿಸಿದ ಕಲ್ಲು ಎಂಬುದನ್ನು ಹೆಸರೇ ಹೇಳುತ್ತದೆ. ಅಲ್ಲಿಯೂ ನೆರೆಯ ಬೈಸೆ ಎಂಬಲ್ಲಿಯೂ ಕಾಡು ತೋಟಗಳ ನಡುವೆ ಒರಟಾದ ನಿಲುಗಲ್ಲುಗಳು ನಿಂತಿವೆ. ಶ್ರೀಕುಮಾರ್ ಮೆನನ್ ಮತ್ತು ಖಗೋಳವಿಜ್ಞಾನಿ ಮಯಾಂಕ್ ವಾಹಿಯಾ ಅವರು ಈ ಕಲ್ಲುಗಳನ್ನು ಅಳೆದು ನೋಡಿ, ಕೆಲವು ಜೋಡಿಗಳನ್ನು ಸೇರಿಸುವ ಗೆರೆ ಉತ್ತರಾಯಣ ದಕ್ಷಿಣಾಯನಗಳ ತಿರುವಿನ ದಿನ ಸೂರ್ಯನು ಹುಟ್ಟುವ ಅಥವಾ ಮುಳುಗುವ ದಿಕ್ಕಿಗೆ ಸರಿಹೊಂದುವುದೆಂದು ತೋರಿಸಿದರು. ಮಳೆಗಾಲ ಯಾವಾಗ, ಬಿತ್ತನೆ ಯಾವಾಗ ಎಂದು ತಿಳಿಯಲು ಗೋಡೆಯ ಪಂಚಾಂಗವಿಲ್ಲದವರು ಬಯಲಿನಲ್ಲಿಯೇ ಪಂಚಾಂಗ ನೆಟ್ಟರೆಂದರೆ ಆಶ್ಚರ್ಯವೇನು? ಆರನ್ ದ್ವೀಪದ ವೃತ್ತಗಳ ಬಳಿ ನಿಂತರೂ, ಬೇಸಗೆಯ ನಡುದಿನದಂದು ಸೂರ್ಯನು ಕಣಿವೆಯ ತಲೆಯ ಕಿಂಡಿಯೊಂದರಿಂದ ಮೂಡುವುದು ಕಾಣುವುದೆನ್ನುತ್ತಾರೆ.

ಇನ್ನೂ ಹಿಂದಿನವರು

ಕಲ್ಲುಮನೆಗಳನ್ನು ಕಟ್ಟಿದವರಿಗೂ ಮೊದಲು ಇಲ್ಲಿ ಜನರಿದ್ದರು. ಅವರು ಆರನ್ ದ್ವೀಪದವರಂತೆ ನವಶಿಲಾಯುಗದವರು. ಕಲ್ಲನ್ನು ಉಜ್ಜಿ ಕೊಡಲಿ ಮಾಡಿಕೊಂಡವರು, ದನಗಾಹಿಗಳು. ಅವರು ಸತ್ತವರನ್ನು ದೂರ ಒಯ್ಯುತ್ತಿರಲಿಲ್ಲ. ವಾಸದ ನೆಲೆಯಲ್ಲಿಯೇ ಹೂಳುತ್ತಿದ್ದರು. ಬ್ರಹ್ಮಗಿರಿಯ ಕೆಳಪದರದಲ್ಲಿ ವೀಲರ್ ಅವರಿಗೆ ಹಸುಗೂಸುಗಳ ಎಲುಬುಗಳಿದ್ದ ಗಡಿಗೆಗಳು ಸಿಕ್ಕಿದವು. ಕಣ್ಣು ಬಿಡುವ ಮೊದಲೇ ಮುಚ್ಚಿದ ಕಂದನನ್ನು ಗಡಿಗೆಯಲ್ಲಿಟ್ಟು, ತಾನು ಅಡುಗೆ ಮಾಡುವ, ಮಲಗುವ ನೆಲದ ಸಮೀಪದಲ್ಲಿಯೇ ಹೂತಿಟ್ಟ ತಾಯಿಯ ಭಾಷೆ ಯಾವುದೆಂದು ನಮಗೆ ತಿಳಿಯದು. ಆಕೆಯ ದುಃಖ ತಿಳಿಯುತ್ತದೆ.

ಅವರ ಊಟವೂ ನಮಗೆ ಅಪರಿಚಿತವಲ್ಲ. ಬಳ್ಳಾರಿಯ ಸಂಗನಕಲ್ಲು ಮೊದಲಾದ ನೆಲೆಗಳಲ್ಲಿ ದೊರೆತ ಸುಟ್ಟ ಕಾಳುಗಳಲ್ಲಿ ಹುರುಳಿ, ಹೆಸರು, ಕೊರಲೆ ಇವೆ. ಚಿಕ್ಕಬಳ್ಳಾಪುರ, ಕೋಲಾರಗಳ ಮನೆಗಳಲ್ಲಿ ಇಂದೂ ಕುದಿಯುವ ಹುರುಳಿಯ ಸಾರಿಗೆ ನಾಲ್ಕು ಸಾವಿರ ವರ್ಷಗಳ ವಂಶಾವಳಿಯುಂಟೆಂದಾಯಿತು.

ಬಳ್ಳಾರಿಯ ಬಳಿ ಕುಡತಿನಿಯಲ್ಲಿ ಒಂದು ದೊಡ್ಡ ಬೂದಿಯ ದಿಬ್ಬವಿದೆ. ಹಂಪೆಯ ಸಮೀಪದ ನಿಂಬಾಪುರದಲ್ಲಿಯೂ ಅಂಥದೇ ಒಂದಿದೆ; ಶ್ರೀರಾಮನ ಬಾಣಕ್ಕೆ ಸತ್ತ ವಾಲಿಯ ಚಿತೆಯ ಬೂದಿ ಅದೆಂದು ಭಕ್ತರ ನಂಬಿಕೆ. ಪರೀಕ್ಷಿಸಿದಾಗ ಅವು ಸೆಗಣಿಯ ಬೂದಿಯೆಂದು ಗೊತ್ತಾಯಿತು. ನವಶಿಲಾಯುಗದ ದನಗಾಹಿಗಳು ದೊಡ್ಡಿಗಳಲ್ಲಿ ರಾಶಿಬಿದ್ದ ಸೆಗಣಿಗೆ ಕಾಲಕಾಲಕ್ಕೆ ಬೆಂಕಿಯಿಟ್ಟುದರಿಂದ ಈ ದಿಬ್ಬಗಳು ಬೆಳೆದವು.

ಸಂಗನಕಲ್ಲಿನ ಪಕ್ಕದ ಕಪ್ಪಗಲ್ಲಿನ ಗುಡ್ಡದಲ್ಲಿ ಕರಿಯ ಕಲ್ಲಿನ ಏಣೊಂದು ಓಡುತ್ತದೆ. ಅದರ ಮೇಲೆ ನೂರಾರು ಚಿತ್ರಗಳನ್ನು ಕುಟ್ಟಿ ಮೂಡಿಸಿದ್ದಾರೆ. ಉದ್ದಕೊಂಬಿನ, ಹಿಣಿಲುಳ್ಳ ಹೋರಿಗಳೇ ಹೆಚ್ಚು. ಅಲ್ಲಲ್ಲಿ ಬಂಡೆಯಲ್ಲಿ ನುಣುಪಾದ ಕುಳಿಗಳಿವೆ. ಗುಂಡುಕಲ್ಲಿನಿಂದ ಕುಟ್ಟಿದರೆ ಆ ಬಂಡೆಗಳು ಗಂಟೆಯಂತೆ ನುಡಿಯುತ್ತವೆ. ಕುಟ್ಟಿ ಕುಟ್ಟಿ ನುಡಿಸಿದ್ದರಿಂದಲೇ ಕುಳಿ ಬಿದ್ದಿತೆಂದು ತೋರುತ್ತದೆ. ಚಿತ್ರವನ್ನು ಕಣ್ಣಿನಿಂದ ನೋಡಿದರೆ ಸಾಲದು, ಕಿವಿಯಿಂದಲೂ ಕೇಳಬೇಕಾಗಿತ್ತು! ಈ ಚಿತ್ರಗಳು ೧೮೯೨ರಲ್ಲಿ ವಿದ್ವಾಂಸರ ಕಣ್ಣಿಗೆ ಬಿದ್ದವು. ಆಮೇಲೆ ಬಹುಕಾಲ ಅವುಗಳನ್ನು ಹುಡುಕಿ ಹೋದವರು ವಿರಳ. ಈ ಶತಮಾನದ ಆದಿಯಲ್ಲಿ ನಿಕೋಲ್ ಬೊಯ್ವಿನ್ ಮತ್ತು ಧಾರವಾಡದ ಪ್ರೊಫೆಸರ್ ರವಿ ಕೋರಿಶೆಟ್ಟರ್ ಮೊದಲಾದವರು ಮತ್ತೆ ಅವುಗಳನ್ನು ಅಭ್ಯಾಸಮಾಡಿದರು. ೨೦೦೪ರಲ್ಲಿ ಅದರ ವರದಿ ಪ್ರಕಟವಾದಾಗ ಅದರೊಡನೆ ಒಂದು ಕಹಿ ಸುದ್ದಿಯೂ ಇತ್ತು: ಜಲ್ಲಿಗಾಗಿ ಆ ಗುಡ್ಡವನ್ನು ಒಡೆಯುತ್ತಿದ್ದಾರೆ.

ಕಾವಲಿನವರು ಯಾರು?

ಇಲ್ಲಿಗೆ ಮೊದಲಿನ ಪ್ರಶ್ನೆಗೆ ಬಂದೆವು. ಈ ಗೋರಿಗಳಿಗೆ ಎರಡು ಸಾವಿರ ವರ್ಷಗಳಿಂದ ಬೀಗವಿರಲಿಲ್ಲ, ಬೇಲಿಯಿರಲಿಲ್ಲ, ಕಾವಲುಗಾರನಿರಲಿಲ್ಲ. ಚಪ್ಪಡಿ ಬೇಕಾದ ರೈತ ಪಕ್ಕದಲ್ಲಿಯೇ ಇದ್ದ. ಆದರೂ ಎಷ್ಟೋ ಕಡೆ ಅವನು ಕೈಹಾಕಲಿಲ್ಲ. ನೇಗಿಲನ್ನು ಸುತ್ತುಬಳಸಿ ತಿರುಗಿಸಿದ. ಪಾಂಡವರು ಕಟ್ಟಿದ್ದು, ಮೊರಿಯರು ಇದ್ದದ್ದು, ಮುಟ್ಟಿದರೆ ಒಳಿತಾಗದು ಎಂಬ ಭಯಭಕ್ತಿಯೇ ಅವನ ಕೈಯನ್ನು ತಡೆಯಿತು. ಪಾಂಡವರ ಕಥೆ ಚರಿತ್ರೆಯಲ್ಲದಿರಬಹುದು. ಆದರೆ ಚರಿತ್ರೆಯನ್ನು ನಮ್ಮ ಕೈಗೆ ತಲುಪಿಸಿದ್ದು ಅದೇ.

ಕಥೆಗೆ ಇನ್ನೊಂದು ಮುಖವೂ ಇದೆಯೆಂಬುದನ್ನು ಮರೆಮಾಚಬಾರದು. ಹಳೆಯ ಕಲ್ಲಿನ ಅಡಿಯಲ್ಲಿ ಕೊಪ್ಪರಿಗೆ ಹೊನ್ನಿದೆಯೆಂಬ ಮಾತನ್ನು ನಂಬಿ ನಿಧಿಗಳ್ಳರು ರಾತ್ರೋರಾತ್ರಿ ಅಗೆದು ಹಾಳುಮಾಡಿದ ಗೋರಿಗಳಿಗೆ ಲೆಕ್ಕವಿಲ್ಲ. ಪಾಪ, ಅವರಿಗೆ ಸಿಗುವುದು ಒಡೆದ ಮಡಕೆ, ತುಕ್ಕುಹಿಡಿದ ಕುಡುಗೋಲು. ಅವನ್ನು ಬಿಸಾಡಿ ಹೋಗುತ್ತಾರೆ. ವಿದ್ವಾಂಸನಿಗೆ ಹೊನ್ನಿಗಿಂತ ಹೆಚ್ಚಾದದ್ದು ಅದೇ. ಆದರೆ ಇದ್ದ ಜಾಗದಿಂದ ಕದಲಿಸಿದ ಮೇಲೆ ಮಡಕೆಯ ಬಾಯಿ ಕಟ್ಟಿಹೋಗುತ್ತದೆ. ಯಾವ ಮೂಳೆಯ ಪಕ್ಕದಲ್ಲಿತ್ತು, ಯಾವ ದಿಕ್ಕಿಗಿತ್ತು ಎಂಬುದು ತಿಳಿಯದಿದ್ದರೆ ಅದು ಬರಿಯ ಬೋಕಿ.

ಈಗ ಭಯವೂ ಹೋಯಿತು. ಕಲ್ಲಿಗೆ ಬೆಲೆ ಬಂದಿತು. ಬೆಂಗಳೂರು ಬೆಳೆದಂತೆಲ್ಲ ಅದರ ಮನೆಗಳಿಗೂ ರಸ್ತೆಗಳಿಗೂ ಬೇಕಾದ ಕಲ್ಲು ಜಲ್ಲಿಗಳನ್ನು ಸುತ್ತಲಿನ ಗುಡ್ಡಗಳೇ ಕೊಡಬೇಕಾಯಿತು. ಅದಕ್ಕೆ ತೆರುವ ಬೆಲೆ ಕಲ್ಲಿನದು ಮಾತ್ರವಲ್ಲ. ೨೦೨೧ರ ಫೆಬ್ರವರಿಯಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ಹಿರೇನಾಗವಲ್ಲಿಯ ಬಳಿ ಕಲ್ಲುಗಣಿಯ ಸಿಡಿಮದ್ದು ಸ್ಫೋಟಗೊಂಡು ಆರು ಮಂದಿ ಪ್ರಾಣ ಕಳೆದುಕೊಂಡರು. ಮನುಷ್ಯರ ಜೀವಕ್ಕೇ ರಕ್ಷಣೆ ಸಾಲದಿರುವಾಗ, ಮೂರ್ತಿಯಿಲ್ಲದ, ಅಕ್ಷರವಿಲ್ಲದ, ಮೇಲುನೋಟಕ್ಕೆ ಗುಂಡುಗಳ ಗುಂಪಿನಂತೆ ಕಾಣುವ ಗೋರಿಯನ್ನು ಯಂತ್ರದ ಮುಂದೆ ಯಾರು ಗುರುತಿಸಬೇಕು? ಪುರಾತನ ಸ್ಮಾರಕಗಳ ರಕ್ಷಣೆಗೆ ೧೯೫೮ರ ಕೇಂದ್ರದ ಕಾಯಿದೆಯೂ ೧೯೬೧ರ ನಮ್ಮ ರಾಜ್ಯದ ಕಾಯಿದೆಯೂ ಇವೆ. ಆದರೆ ಕಾಯಿದೆಯ ಬಲ ಪಟ್ಟಿಗೆ ಸೇರಿದ ಸ್ಥಳಗಳಿಗೆ ಮಾತ್ರ. ಹೊಲ, ಗೋಮಾಳ, ಕುರುಚಲು ಕಾಡುಗಳಲ್ಲಿ ಚದುರಿದ ಎಷ್ಟೋ ಗೋರಿಗಳು ಪಟ್ಟಿಯ ಹೊರಗಿವೆ.

ಆದುದರಿಂದ ಗುರುತಿಸುವ ಕೆಲಸದಲ್ಲಿ ನಮಗೂ ಪಾಲುಂಟು. ರಜೆಯಲ್ಲಿ ಊರಿಗೆ ಹೋದಾಗ ಹೊಲದ ನಡುವೆ ದೊಡ್ಡ ಗುಂಡುಗಳು ಬಳೆಯಂತೆ ದುಂಡಾಗಿ ಕುಳಿತಿದ್ದರೆ, ನೆಲದಿಂದ ಚಪ್ಪಡಿಯ ಅಂಚುಗಳು ಪೆಟ್ಟಿಗೆಯ ಆಕಾರದಲ್ಲಿ ತಲೆಯೆತ್ತಿದ್ದರೆ, ಬಳಿಯಲ್ಲಿ ಕಪ್ಪುಕೆಂಪಿನ ನುಣುಪಾದ ಮಡಕೆಯ ಚೂರು ಬಿದ್ದಿದ್ದರೆ, ಒಂದು ಗಳಿಗೆ ನಿಲ್ಲಿ. ವೀರಗಲ್ಲು, ಮಾಸ್ತಿಕಲ್ಲುಗಳಲ್ಲಿ ಆಕೃತಿ ಕೆತ್ತಿರುತ್ತದೆ. ಅವು ಬಹಳ ಈಚಿನವು. ಇವುಗಳಲ್ಲಿ ಕೆತ್ತನೆಯಿರುವುದಿಲ್ಲ. ಚೂರನ್ನು ಜೇಬಿಗೆ ಹಾಕಿಕೊಳ್ಳಬೇಡಿ. ಮಕ್ಕಳು ಬಂಡೆಯ ಮೇಲೆ ಹೆಸರು ಬರೆಯದಂತೆ ನೋಡಿಕೊಳ್ಳಿ. ಊರಿನ ಹಿರಿಯರನ್ನು ಕೇಳಿ ಅದಕ್ಕಿರುವ ಹೆಸರನ್ನೂ ಕಥೆಯನ್ನೂ ಬರೆದುಕೊಳ್ಳಿ. ಚಿತ್ರ ತೆಗೆದು, ಸ್ಥಳದ ವಿವರದೊಡನೆ ಪುರಾತತ್ತ್ವ ಇಲಾಖೆಗೆ ತಿಳಿಸಿ. ಹೀಗೆ ಊರಿನವರ ಬಾಯಿಂದ ಕೇಳಿದ ಒಂದು ಹೆಸರೇ ಎಷ್ಟೋ ಸಲ ವಿದ್ವಾಂಸರಿಗೆ ದಾರಿ ತೋರಿಸಿದೆ.

ಹಳೆಯ ಕಾಲದ ರೈತನಿಗೆ ಆ ಗೋರಿಗಳಲ್ಲಿ ಇರುವವರು ಯಾರೆಂದು ತಿಳಿದಿರಲಿಲ್ಲ. ಆದರೂ ಅವರನ್ನು ಎಬ್ಬಿಸದೆ ಉಳಿಸಿಕೊಟ್ಟ. ನಮಗೆ ತಿಳಿದಿದೆ. ಅವರು ಪಾಂಡವರಲ್ಲ, ಕುಳ್ಳರೂ ಅಲ್ಲ. ಕುಡುಗೋಲು ಹಿಡಿದು ಪೈರು ಕೊಯ್ದ, ಹುರುಳಿ ಬೇಯಿಸಿ ಉಂಡ, ಸತ್ತ ಅಣ್ಣನ ಮೂಳೆಗಳನ್ನು ಆಯ್ದು ಅಪ್ಪನ ಪಕ್ಕದಲ್ಲಿ ಇರಿಸಿದ, ನಮ್ಮಂಥ ಸಂಸಾರಸ್ಥರು. ತಿಳಿಯದವನು ಕಾಪಾಡಿದ್ದನ್ನು ತಿಳಿದವರು ಕಳೆದರೆಂಬ ಮಾತು ನಮ್ಮ ತಲೆಮಾರಿಗೆ ಬರಬಾರದು. ಮುಂದಿನ ಸಲ ಸ್ಕಂದಗಿರಿಯನ್ನು ಹತ್ತುವವರು ಮೋಡ ಕರಗಿದ ಮೇಲೆಯೂ ಸ್ವಲ್ಪ ಹೊತ್ತು ನಿಂತು, ಸುತ್ತಲಿನ ಗುಡ್ಡಗಳನ್ನು ಆ ನೆನಪಿನಿಂದ ನೋಡಲಿ.